ತೊಂದರೆ ಪಟ್ಟಿ

ಅಡುಗೆಮನೆಯ ನಲ್ಲಿ ಸೋರುತ್ತಿದೆ, ಹೊಸದು ಹಾಕಿಸಬೇಕು ಎಂದು ಗಂಡ ಹೇಳಿದ್ದಕ್ಕೆ ಅವಳು ಅಭ್ಯಾಸಬಲದಿಂದ, "ಹೊಸದು ಹಾಕ್ಸೋದು ಆಮೇಲಿನ ಮಾತು. ಸೋರೋದ್ರಿಂದ ಯಾರಿಗೆ ಏನು ತೊಂದ್ರೆ, ಮೊದಲು ಅದನ್ನ ಹೇಳಿ" ಎಂದುಬಿಟ್ಟಳು. ಗಂಡ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದ. "ನಂಗೇ ಕಣೇ ತೊಂದ್ರೆ. ಟಪ್ ಟಪ್ ಅಂತ ತಲೆ ಚಿಟ್ಟುಹಿಡೀತಿದೆ. ಇದಕ್ಕೂ ಒಂದು ಪಟ್ಟಿ ಮಾಡಿ ನನ್ನ ಸಹಿ ತಗೋ." ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಮಗಳು ಕಿಸಕ್ಕೆಂದಳು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ತನ್ನ ಕೆಲಸದ ಹುಚ್ಚು ಮನೆಯವರಿಗೆ ತಮಾಷೆಯಾಗಿದೆ ಎಂಬುದರಲ್ಲಿ ಒಳಗೊಳಗೇ ಅವಳಿಗೊಂದು ಹೆಮ್ಮೆಯಿತ್ತು. ಇವತ್ತು ಮಾತ್ರ ಸಹಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ಕುರ್ಚಿಯ ಕಡೆ ನೋಡಿದಳು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲದಲ್ಲಿ ಒಂದು ಹಾಳೆ ಇತ್ತು, ಆ ಹಾಳೆಯ ಕೆಳಗೆ ಒಬ್ಬ ವಯಸ್ಸಾದ ಗುಮಾಸ್ತನ ಸಹಿ ಇತ್ತು, ಹನ್ನೊಂದು ಗಂಟೆಗೆ ಬಸ್ ಡಿಪೋದ ವಿಚಾರಣೆಯಲ್ಲಿ ಅದನ್ನು ಮೇಜಿನ ಮೇಲಿಡಬೇಕಿತ್ತು. ಇಟ್ಟು ಸುಮ್ಮನಿದ್ದರೆ ಗುಮಾಸ್ತನ ಕೆಲಸ ಹೋಗುತ್ತದೆ. ಬಾಯಿಬಿಟ್ಟರೆ ತನ್ನದು. ವಿಷಯ ಇಷ್ಟು ಸರಳವಾಗಿರುವಾಗ ನಿದ್ದೆಗೆಡುವುದಕ್ಕೆ ಏನಿದೆ ಎಂದು ಅವಳು ತನ್ನನ್ನೇ ಬೈದುಕೊಂಡಿದ್ದಳು. ನಲ್ಲಿಯ ಟಪ್ ಟಪ್ ಅವಳಿಗೂ ಬೆಳಗಿನವರೆಗೆ ಕೇಳಿಸಿತ್ತು.

ಅವಳದು ವಿಚಿತ್ರ ಕೆಲಸವೇ. ಇರುವುದು ಸಾಫ್ಟ್‌ವೇರ್ ಕಂಪನಿಯಲ್ಲಿ, ಆದರೆ ಸಾಫ್ಟ್‌ವೇರ್ ಬರೆಯುವವಳಲ್ಲ. ನಮಗೊಂದು ಸಾಫ್ಟ್‌ವೇರ್ ಮಾಡಿಕೊಡಿ ಎಂದು ಯಾರಾದರೂ ಬಂದರೆ, ಉಳಿದವರು ಕಂಪ್ಯೂಟರ್ ಮುಟ್ಟುವ ಮೊದಲು ಅವಳು ಹೋಗಿ, ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅವರಿಗೆ ನಿಜವಾಗಿ ನೋಯುತ್ತಿರುವುದು ಎಲ್ಲಿ ಎಂದು ಕೇಳಿ ಬರೆದುಕೊಂಡು ಬರಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳೇ ಪಾಠ ಮಾಡುತ್ತಿದ್ದಳು: "ಏನು ಬೇಕು ಅಂತ ಯಾವತ್ತೂ ಕೇಳ್ಬೇಡಿ. ಬೇಕು ಅಂದ್ರೆ ಜನ ಬಾಯಿಗೆ ಬಂದಿದ್ದೆಲ್ಲ ಹೇಳ್ತಾರೆ. ಏನು ತೊಂದ್ರೆ ಅಂತ ಕೇಳಿ. ಹುಣ್ಣು ಎಲ್ಲಿದೆ ಅಂತ ಗೊತ್ತಾದ್ಮೇಲೆ ಮುಲಾಮು." ಪಟ್ಟಿಯಲ್ಲಿ ನಾಲ್ಕು ಕಾಲಂಗಳು. ಯಾರಿಗೆ, ಏನು ತೊಂದರೆ, ಎಷ್ಟು ಸಲ, ಅದರಿಂದ ಏನು ಕೆಡುತ್ತದೆ. ತೊಂದರೆ ಪಟ್ಟಿಯಲ್ಲಿ ಇಲ್ಲದ್ದು ಸಾಫ್ಟ್‌ವೇರಿನಲ್ಲಿ ಇರಕೂಡದು ಎಂಬ ನಿಯಮವನ್ನು ತಂದವಳೂ ಅವಳೇ. ಅದಕ್ಕೆ ಮುಂಚೆ ಕಂಪನಿಯವರು ಯಾರಿಗೂ ಬೇಡದ ಗುಂಡಿಗಳನ್ನೂ ಪರದೆಗಳನ್ನೂ ವರ್ಷಗಟ್ಟಲೆ ಕಟ್ಟಿ, ಆಮೇಲೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಈ ಪಟ್ಟಿ ಬಂದ ಮೇಲೆ ಹಾಗಾಗಿಲ್ಲ. ಅವಳ ಬಾಸು, ಏನೇ ಆದರೂ ಸಿಟ್ಟು ಮಾಡಿಕೊಳ್ಳದ ಮನುಷ್ಯ, ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ತಣ್ಣೀರು ಎಂದು ಕರೆಯುವವನು, ಅವಳನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದ. ಅವತ್ತು ಅವಳು ನಾಚಿಕೊಂಡಂತೆ ತಲೆ ತಗ್ಗಿಸಿದ್ದಳು. ಡಿಪೋಗೆ ಹೋಗುವ ದಾರಿಯ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಅದನ್ನು ನೆನೆದರೆ ಈಗ ಮೈಯೆಲ್ಲ ಮುಳ್ಳಾಗುತ್ತಿತ್ತು.

ಡಿಪೋದ ಗೇಟು, ಡೀಸೆಲಿನ ಜಿಡ್ಡು ಮೆತ್ತಿದ ಅಂಗಳ, ಸಾಲಾಗಿ ನಿಂತ ಬಸ್ಸುಗಳು. ಮೆಟ್ಟಿಲ ಕೆಳಗಿನ ಆ ಕೋಣೆಯ ಬಾಗಿಲು ಇವತ್ತು ಮುಚ್ಚಿತ್ತು. ಆರು ತಿಂಗಳ ಹಿಂದೆ ಅವಳು ಮೊದಲು ಬಂದಾಗ ಅದು ಹಾರುಹೊಡೆದಿತ್ತು, ಒಳಗೆ ಎತ್ತರದ ಮೇಜಿಗೆ ಒರಗಿಕೊಂಡು ಚಾರ್ಟಣ್ಣ ಸ್ಕೇಲು ಹಿಡಿದು ಗೆರೆ ಎಳೆಯುತ್ತಿದ್ದ. ಯಾವ ಡ್ರೈವರ್ ಯಾವ ಬಸ್ಸಿಗೆ, ಎಷ್ಟು ಹೊತ್ತಿಗೆ ಎಂಬ ಡ್ಯೂಟಿ ಚಾರ್ಟನ್ನು ಮೂವತ್ತೆಂಟು ವರ್ಷಗಳಿಂದ ಪೆನ್ಸಿಲಿನಲ್ಲಿ ಬರೆಯುತ್ತಿದ್ದ ಗುಮಾಸ್ತ ಅವನು. ಡಿಪೋದ ಮ್ಯಾನೇಜರೂ ಅವನನ್ನು ಚಾರ್ಟಣ್ಣ ಎಂದೇ ಕರೆಯುತ್ತಿದ್ದ. "ನಿಮಗೇನು ತೊಂದ್ರೆ ಅಣ್ಣಾ?" ಎಂದು ಅವಳು ಶುರುಮಾಡಿದಳು. "ತೊಂದ್ರೆ ಏನಿಲ್ಲಮ್ಮ. ಬಸ್ಸು ಹೋಗ್ತವೆ, ಬರ್ತವೆ." ಅವಳಿಗೆ ಇಂಥವರೆಂದರೆ ತಲೆನೋವು. ಗೊಣಗುವವರ ಹತ್ತಿರ ಅರ್ಧ ಗಂಟೆಯಲ್ಲಿ ಪಟ್ಟಿ ತುಂಬುತ್ತದೆ, ತೊಂದರೆ ಇಲ್ಲ ಎನ್ನುವವರನ್ನು ಎಷ್ಟು ಕೆದಕಿದರೂ ಕಾಲಂ ಖಾಲಿ. "ಏನಾದ್ರೂ ಇದ್ದೇ ಇರುತ್ತಲ್ಲಣ್ಣಾ, ನೆನಪು ಮಾಡ್ಕೊಳ್ಳಿ." ಅವನು ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ ಹೇಳಿದ: "ಇದ್ದಿದ್ದನ್ನ ಅವತ್ತವತ್ತೇ ಸರಿ ಮಾಡಿಬಿಡ್ತೀನಲ್ಲಮ್ಮ. ಆಮೇಲೆ ಎಲ್ಲಿಂದ ತಂದು ತೋರಿಸ್ಲಿ?" ಆ ಮಾತಿಗೆ ಅವಳು ನಕ್ಕಿದ್ದಳು. ನಕ್ಕು, ಬರೆದುಕೊಳ್ಳದೆ, ಮುಂದಿನ ಪ್ರಶ್ನೆಗೆ ಹೋಗಿದ್ದಳು.

ಎರಡನೆಯ ದಿನ ಹಳೆಯ ಚಾರ್ಟುಗಳ ಕಟ್ಟು ಬಿಚ್ಚಿ ಕೂತಾಗ ಅವಳ ಕಣ್ಣಿಗೊಂದು ವಿಷಯ ಬಿತ್ತು. ಒಬ್ಬ ಡ್ರೈವರಿಗೆ ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಸಂಜೆಯ ಟ್ರಿಪ್ಪು ಬಿದ್ದಿರಲಿಲ್ಲ. ಐವತ್ತು ದಾಟಿದ ಆಸಾಮಿ, ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತಾನೆಂದು ಉಳಿದ ಡ್ರೈವರುಗಳು ಅವನಿಗೆ ಮದುಮಗ ಎಂದು ಹೆಸರಿಟ್ಟಿದ್ದರು. "ಹೋಗಪ್ಪಾ ಹೋಗು, ಹೊಸಾ ಹೆಂಡ್ತಿ ಕಾಯ್ತಿರ್ತಾಳೆ" ಎಂದು ಅಂಗಳದಲ್ಲಿ ರೇಗಿಸುವುದನ್ನು ಅವಳೇ ಕೇಳಿದ್ದಳು. ಯಾಕೆ ಅವನಿಗೆ ಮಾತ್ರ ಹೀಗೆ ಎಂದು ಕೇಳಿದಾಗ ಚಾರ್ಟಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಎದ್ದು, ಬಾಗಿಲು ಹಾಕಿದ. "ಪೆನ್ನು ಕೆಳಗಿಡಿ, ಹೇಳ್ತೀನಿ. ಹೊತ್ತು ಮುಳುಗಿದ್ರೆ ಅವ್ನಿಗೆ ಕಣ್ಣು ಕಾಣ್ಸಲ್ಲ. ಹಗಲು ಏನೂ ಇಲ್ಲ, ಅವ್ನಷ್ಟು ಹುಷಾರಾಗಿ ಓಡ್ಸೋರು ಈ ಡಿಪೋದಲ್ಲೇ ಇಲ್ಲ. ವರ್ಷಕ್ಕೊಂದ್ಸಲ ಕಣ್ಣು ಪರೀಕ್ಷೆ ಮಾಡ್ತಾರಲ್ಲ, ಅದು ಬೆಳಿಗ್ಗೆ ಹತ್ತು ಗಂಟೆಗೆ. ಪಾಸಾಗ್ತಾನೆ. ನಾನು ಸಂಜೆ ಹಾಕಲ್ಲ. ಇದ್ರಲ್ಲಿ ಯಾರಿಗೇನು ತೊಂದ್ರೆ ಹೇಳಿ? ಬರ್ಕೊಂಡ್ರೆ ಮಾತ್ರ ಅವ್ನ ಹೊಟ್ಟೆ ಮೇಲೆ ಹೊಡ್ದಂಗೆ. ಬರ್ಕೋಬೇಡಿ." ಅವಳು ಬರೆದುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಳು. ಮುದುಕ ಮನಸ್ಸು ಬಿಚ್ಚಿದ್ದಕ್ಕೆ ಅವಳಿಗೆ ಎದೆ ತುಂಬಿತ್ತು. ತಾನು ಎಂಥ ಕಲ್ಲನ್ನೂ ಮಾತಾಡಿಸಬಲ್ಲೆ ಎನ್ನಿಸಿತ್ತು. "ನಿಮ್ಗೆ ಗೊತ್ತಾಯ್ತಲ್ಲ, ಇನ್ನು ನೀವು ನೋಡ್ಕೋತೀರಿ" ಎಂದ ಚಾರ್ಟಣ್ಣ, ನಿರಾಳವಾಗಿ ಬಾಗಿಲು ತೆರೆದಿದ್ದ.

ನೋಡಿಕೊಳ್ಳುವುದು ಕಷ್ಟವೇನೂ ಇರಲಿಲ್ಲ. ಹೆಸರು ಹಾಕದೆ ಒಂದು ಸಾಲು ಬರೆದರೆ ಸಾಕಾಗಿತ್ತು. ಕೆಲವರಿಗೆ ಹಗಲು ಡ್ಯೂಟಿ ಮಾತ್ರ, ಯಾರಿಗೆಂಬುದು ಚಾರ್ಟ್ ಗುಮಾಸ್ತನ ತೀರ್ಮಾನ, ಕಾರಣ ಕೇಳುವಂತಿಲ್ಲ. ಅವತ್ತು ಸಂಜೆ ಮನೆಗೆ ಹೋಗುವಾಗ ಇದೇ ಸಿಗ್ನಲ್ಲಿನಲ್ಲಿ ಆ ಸಾಲನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಚೆನ್ನಾಗಿದೆ ಎಂದೂ ಅಂದುಕೊಂಡಿದ್ದಳು. ಮರುದಿನ ಆಫೀಸಿನಲ್ಲಿ ಪಟ್ಟಿ ಬಿಡಿಸಿದರೆ ಆ ಸಾಲಿಗೆ ಜಾಗವಿಲ್ಲ. ಯಾರಿಗೆ ತೊಂದರೆ? ಯಾರಿಗೂ ಇಲ್ಲ. ಎಷ್ಟು ಸಲ? ಹನ್ನೊಂದು ವರ್ಷಗಳಲ್ಲಿ ಒಂದು ಸಲವೂ ಇಲ್ಲ. ಏನು ಕೆಡುತ್ತದೆ? ಏನೂ ಕೆಟ್ಟಿಲ್ಲ. ಅದೂ ಅಲ್ಲದೆ ಪಟ್ಟಿಯ ಮೊದಲ ಸಾಲಿನಲ್ಲೇ ಮ್ಯಾನೇಜರನ ದೂರು ಕೂತಿತ್ತು: ಡ್ಯೂಟಿ ಹಂಚುವುದರಲ್ಲಿ ಪಕ್ಷಪಾತ, ಗುಮಾಸ್ತ ತನಗೆ ಬೇಕಾದವರಿಗೆ ಬೇಕಾದ್ದು ಹಾಕಿಕೊಡುತ್ತಾನೆ. ಅದಕ್ಕೆ ಅವಳೇ ಔಷಧ ಬರೆದಿದ್ದಳು. ಸಂಜೆಯ ಟ್ರಿಪ್ಪುಗಳನ್ನು ಎಲ್ಲರಿಗೂ ಸಮನಾಗಿ ಯಂತ್ರವೇ ಹಂಚಬೇಕು, ಯಾರಾದರೂ ಕೈಯಿಂದ ಬದಲಾಯಿಸಿದರೆ ಕಾರಣ ಬರೆಯಬೇಕು, ಆ ಕಾರಣ ಡ್ರೈವರುಗಳ ಕೋಣೆಯ ಪರದೆಯ ಮೇಲೆ ಎಲ್ಲರಿಗೂ ಕಾಣಬೇಕು. ಅದರ ಕೆಳಗೆ ಈ ಸಾಲು ಬರೆದರೆ ತನ್ನ ಕೋಟೆಗೆ ತಾನೇ ಕಿಂಡಿ ಕೊರೆದಂತೆ. ಮ್ಯಾನೇಜರ್ ಕೇಳುತ್ತಾನೆ, ತಣ್ಣೀರು ಹುಬ್ಬೇರಿಸುತ್ತಾನೆ, ವಾದ ಮಾಡಬೇಕು. ಗಂಟೆ ಐದಾಗುವುದರಲ್ಲಿತ್ತು, ಮಗಳ ಪೇರೆಂಟ್ಸ್ ಮೀಟಿಂಗು ಬೇರೆ. ಚಾರ್ಟಣ್ಣನ ಸಾಲಿನಲ್ಲಿ ಅವಳು 'ತೊಂದರೆ: ಏನೂ ಇಲ್ಲ' ಎಂದು ಬರೆದಳು. ಅವನು ಹೇಳಿದ್ದೂ ಅದೇ ತಾನೆ. ಸಹಿ ಮಾಡುವಾಗ ಅವನು ಕನ್ನಡಕ ಏರಿಸಿಕೊಂಡು ಓದಿ, "ಸರಿಯಾಗೇ ಬರ್ದಿದೀರಿ" ಎಂದು ಖುಷಿಪಟ್ಟಿದ್ದ.

ಸಾಫ್ಟ್‌ವೇರ್ ಶುರುವಾದ ಮೊದಲ ದಿನವೇ ಅವನು ಅವಳಿಗೆ ಮೂರು ಸಲ ಫೋನ್ ಮಾಡಿದ್ದ. ಅವಳು ಹುಡುಗಿಯರಿಗೆ ಪಾಠ ಮಾಡುತ್ತಿದ್ದಳು, ಎತ್ತಲಿಲ್ಲ. ಆಮೇಲೆ ನಂಬರ್ ನೋಡಿದಳು, ಯಾತಕ್ಕೆಂದು ಗೊತ್ತಾಯಿತು, ಗೊತ್ತಾದದ್ದರಿಂದಲೇ ತಿರುಗಿ ಮಾಡಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮದುಮಗನಿಗೆ ಸಂಜೆ ಐದೂ ಮುಕ್ಕಾಲಿನ ಟ್ರಿಪ್ಪು ಬಿದ್ದಿತ್ತು. ಒಲ್ಲೆ ಎಂದರೆ ಕಾರಣ ಹೇಳಬೇಕು, ಕಾರಣ ಪರದೆಯ ಮೇಲೆ ಬರುತ್ತದೆ. ಬೇರೇನಾದರೂ ಸುಳ್ಳು ಬರೆಯೋಣವೆಂದರೆ ಯಂತ್ರ ಚೀಟಿ ಕೇಳುತ್ತದೆ, ಡಾಕ್ಟರದೋ ಮ್ಯಾನೇಜರದೋ. ಅವನು ಹತ್ತಿ ಓಡಿಸಿದ. ಎರಡು ದಿನ ಮುಂದಿನ ಗಾಡಿಯ ಕೆಂಪು ದೀಪ ಹಿಡಿದುಕೊಂಡು ಹೋಗಿ ಬಂದ. ಮೂರನೆಯ ದಿನ ಮುಂದೆ ಯಾವ ಗಾಡಿಯೂ ಇರಲಿಲ್ಲ. ಅಂಗಡಿ ಮುಚ್ಚಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹೊಲಿಗೆಯವಳೊಬ್ಬಳ ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು. ಆ ಸುದ್ದಿ ಬಂದಾಗ ತಣ್ಣೀರು ಅವಳ ಮೇಜಿನ ಹತ್ತಿರ ಬಂದು, ತಣ್ಣಗೇ ಕೇಳಿದ್ದು ಒಂದೇ ಮಾತು: "ಗುಮಾಸ್ತನ ಸಹಿ ಇದೆ ತಾನೆ?" ಇದೆ ಸಾರ್ ಎಂದಳು. ಎಂದಾಗ ಎದೆಯ ಭಾರ ಇಳಿದಂತಾಗಿತ್ತು. ಕಾಲು ಹೋದವಳ ಸುದ್ದಿ ಕೇಳಿ ಐದು ನಿಮಿಷವಾಗಿರಲಿಲ್ಲ, ಅವಳಿಗೆ ಹಾಯೆನಿಸಿತ್ತು. ಥೂ, ನಾನೂ ಒಂದು ಹೆಣ್ಣೇ ಎಂದು ಆಮೇಲೆ ಬಾತ್‌ರೂಮಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಿದ್ದಳು. ಮುಖದಲ್ಲಿ ಏನೂ ವ್ಯತ್ಯಾಸ ಕಾಣಿಸಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಅಧಿಕಾರಿಗೆ ನೆಗಡಿ, ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಮ್ಯಾನೇಜರ್ ಒಂದು ಕಡೆ, ತಣ್ಣೀರು ಅವಳ ಪಕ್ಕ, ಎದುರಿಗೆ ಚಾರ್ಟಣ್ಣ. ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮದುವೆ ಮನೆಗೆ ಬಂದವನಂತೆ ಕೈ ಕಟ್ಟಿ ಕೂತಿದ್ದ. ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಮದುಮಗನ ಕಣ್ಣಿನ ಪರೀಕ್ಷೆ ಆಗಿದೆ, ಮೊನ್ನೆ ಬೆಳಿಗ್ಗೆ, ಕಣ್ಣು ಸರಿಯಾಗಿದೆ ಎಂದು ಅಧಿಕಾರಿ ಓದಿದರು. ಹಾಗಾದರೆ ಉಳಿಯುವುದು ಒಂದೇ ಪ್ರಶ್ನೆ. ಹನ್ನೊಂದು ವರ್ಷ ಈ ಡ್ರೈವರಿಗೆ ಸಂಜೆಯ ಟ್ರಿಪ್ಪು ಯಾಕೆ ಹಾಕಲಿಲ್ಲ? "ಹಂಗೇ ಬಂತು ಸಾರ್" ಎಂದ ಚಾರ್ಟಣ್ಣ. "ಹನ್ನೊಂದು ವರ್ಷ ಹಂಗೇ ಬರುತ್ತೇನ್ರೀ?" ಎಂದು ಮ್ಯಾನೇಜರ್ ಬಾಯಿಹಾಕಿದ. "ದಾರಿ ಅಭ್ಯಾಸ ಇರ್ಲಿಲ್ಲ ಅವ್ನಿಗೆ, ಕತ್ತಲಲ್ಲಿ ಆ ದಾರಿ ಓಡ್ಸಿ ಗೊತ್ತಿಲ್ಲ. ಅದು ಯಾರಿಗೂ ಗೊತ್ತಾಗ್ಲಿಲ್ಲ. ಅಷ್ಟೇ ಸಾರ್" ಎಂದು ಚಾರ್ಟಣ್ಣ ಸೇರಿಸಿದ. ಅಧಿಕಾರಿ ಮೂಗು ಒರೆಸಿಕೊಂಡು ಅವಳ ಕಡೆ ತಿರುಗಿದರು. "ಮೇಡಂ, ಈ ಡ್ರೈವರಿಗೆ ಸಂಜೆ ಹಾಕಬಾರದು ಅಂತ ಈ ಗುಮಾಸ್ತರು ನಿಮಗೆ ಯಾವಾಗಾದರೂ ಹೇಳಿದ್ದರಾ? ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಿಯೇ ಬಂದಿದ್ದಳು. ಹೇಳಿದ್ದರು, ನಾನು ಬರೆಯಲಿಲ್ಲ, ತಪ್ಪು ನನ್ನದು. ಮೂರೇ ತುಂಡು, ಸ್ನಾನ ಮಾಡುವಾಗ ಜೋರಾಗಿ ಹೇಳಿಯೂ ನೋಡಿದ್ದಳು. ಹೇಳಿದರೆ ಮುಂದಿನ ಪ್ರಶ್ನೆ ಯಾಕೆ ಎಂದು ಬರುತ್ತದೆ, ಮದುಮಗನ ಕಣ್ಣಿನ ವಿಷಯ ಹೊರಗೆ ಬರುತ್ತದೆ, ಅವನು ಮತ್ತೆ ಸ್ಟೇರಿಂಗ್ ಮುಟ್ಟುವುದಿಲ್ಲ; ಇನ್ನೊಬ್ಬರ ಕಾಲು ಉಳಿಯುತ್ತದೆ. ಎಲ್ಲ ಕಡೆಯಿಂದಲೂ ಸರಿಯಾಗಿತ್ತು. ಬಾಯಿ ತೆರೆದಳು. ಪಕ್ಕದಲ್ಲಿ ತಣ್ಣೀರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ, ಟಿಕ್ ಟಿಕ್ ಎಂದು. ಆ ಕ್ಷಣ ಅವಳ ಕಣ್ಣಿಗೆ ಕಟ್ಟಿದ್ದು ನಾಲ್ಕು ಜನರ ಮುಂದೆ ತಾನು ತಲೆ ತಗ್ಗಿಸಿ ನಿಂತ ಆ ದಿನ, ಆ ಚಪ್ಪಾಳೆ, ಆ ಹುಡುಗಿಯರು. ಅವರೆಲ್ಲ ನಾಳೆ ಕಾಫಿ ಯಂತ್ರದ ಹತ್ತಿರ ತನ್ನ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದು. "ಇಲ್ಲ ಸಾರ್" ಎಂದಳು. "ಅವರು ತೊಂದ್ರೆ ಏನಿಲ್ಲ ಅಂದ್ರು. ಸಹಿ ಇದೆ." ಹಾಳೆಯನ್ನು ಮೇಜಿನ ಮೇಲೆ ಸರಿಸಿದ್ದು ತನ್ನ ಕೈಯೇ ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು. ಚಾರ್ಟಣ್ಣ ಹಾಳೆಯನ್ನು ನೋಡಲೂ ಇಲ್ಲ. "ನಂದೇ ಸಹಿ ಸಾರ್. ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ತಪ್ಪು ನಂದೇ" ಎಂದು ಕೈ ಮುಗಿದ. ಅಷ್ಟಕ್ಕೆ ಮುಗಿಯಿತು. ಊಟದ ಹೊತ್ತಿನೊಳಗೆ ಎಲ್ಲ ಬರೆದಾಯಿತು: ವಿಷಯ ಮುಚ್ಚಿಟ್ಟದ್ದಕ್ಕೆ ಗುಮಾಸ್ತನನ್ನು ಕೆಲಸದಿಂದ ತೆಗೆಯುವುದು, ಡ್ರೈವರ್ ಸೋಮವಾರದಿಂದ ಡ್ಯೂಟಿಗೆ ಬರುವುದು. ಹೊರಗೆ ಬರುವಾಗ ತಣ್ಣೀರು ಜೇಬಿನಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಅವಳ ಅಂಗೈಯಲ್ಲಿಟ್ಟ, ಇಂಜೆಕ್ಷನ್ನಿಗೆ ಅಳದ ಮಗುವಿಗೆ ಕೊಟ್ಟ ಹಾಗೆ. ಅವಳು ಅದನ್ನು ಬಾಯಿಗೆ ಹಾಕಿಕೊಂಡಳು.

ಸ್ಕೂಟರ್ ತೆಗೆಯುತ್ತಿದ್ದಾಗ ಬಸ್ ತೊಳೆಯುವ ಕೊಳಾಯಿಯ ಹತ್ತಿರದಿಂದ ಚಾರ್ಟಣ್ಣ ಬಂದ, ಮುಖ ತೊಳೆದುಕೊಂಡಿದ್ದ, ಬಿಳಿ ಶರ್ಟಿನ ಎದೆಯೆಲ್ಲ ಒದ್ದೆ. ಬೈಯಲಿ, ಕ್ಯಾಕರಿಸಿ ಮುಖಕ್ಕೆ ಉಗಿಯಲಿ ಎಂದು ಅವಳು ಕಾದು ನಿಂತಳು. ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿದ. "ಅಮ್ಮಾ, ನಿಮ್ಮ ಋಣ ನಾನು ಮರೆಯಲ್ಲ. ಫೋನ್ ಎತ್ತದೇ ಇದ್ದಾಗ ನಿಮ್ಮನ್ನ ಏನೇನೋ ಅಂದ್ಕೊಂಡುಬಿಟ್ಟಿದ್ದೆ. ಇವತ್ತು ಅಷ್ಟು ಜನ ದೊಡ್ಡೋರ ಮುಂದೆ ಕೇಳಿದ್ರೂ ನೀವು ಬಾಯಿ ಬಿಡ್ಲಿಲ್ಲ. ಕೊಟ್ಟ ಮಾತು ಉಳಿಸ್ಕೊಂಡ್ರಿ. ನೀವು ಹೌದು ಅಂದಿದ್ರೆ ಅವ್ನು ಜೈಲಿಗೆ ಹೋಗ್ತಿದ್ದ." ಅವಳ ಬಾಯಲ್ಲಿ ಪೆಪ್ಪರ್‌ಮಿಂಟು ಇನ್ನೂ ಕರಗಿರಲಿಲ್ಲ. ಅಣ್ಣಾ, ನಾನು ಅವನಿಗೋಸ್ಕರ ಹಾಗೆ ಹೇಳಲಿಲ್ಲ, ಕೊಟ್ಟ ಮಾತು ನನಗೆ ನೆನಪೇ ಬರಲಿಲ್ಲ ಎನ್ನಬೇಕು. "ನಿಮ್ಮ ಕೆಲ್ಸ..." ಎಂದಷ್ಟೇ ಹೊರಟಿತು. "ನಂದು ಬಿಡಿ, ನಾಲ್ಕು ತಿಂಗಳು ಮುಂಚೆ ಮನೇಗ್ ಹೋದಂಗೆ. ಮನೇಲಿ ಅವಳೂ ಇಷ್ಟು ವರ್ಷದಿಂದ ಬಾ ಬಾ ಅಂತಿದ್ಲು" ಎಂದು ನಗಲು ನೋಡಿದ, ತುಟಿ ಒಂದು ಕಡೆ ಎಳೆಯಿತು, ಆಗದೆ ಒದ್ದೆ ಶರ್ಟನ್ನು ಹಿಂಡಿಕೊಂಡ. "ಒಂದೇ ಒಂದು ಕೇಳ್ಕೋತೀನಿ. ಸೋಮವಾರದಿಂದ ಅವ್ನು ಮತ್ತೆ ಗಾಡಿ ಹತ್ತುತಾನೆ. ನಾನಿರಲ್ಲ. ಸಂಜೆ ಬೀಳದ ಹಾಗೆ ನೀವೇ ಏನಾದ್ರೂ ಮಾಡಿ. ಗೊತ್ತಿರೋದು ಈಗ ನಿಮಗೊಬ್ರಿಗೇ." ಅವಳು "ಆಯ್ತಣ್ಣಾ" ಎಂದಳು. ಅಷ್ಟು ಸಲೀಸಾಗಿ ಬಂತು ಮಾತು.

ಶನಿವಾರ ನಲ್ಲಿಯವನು ಬಂದು ಹೊಸ ನಲ್ಲಿ ಹಾಕಿಹೋದ. "ನೋಡು, ಹತ್ತು ನಿಮಿಷದ ಕೆಲಸ" ಎಂದ ಗಂಡ. ವಿಚಾರಣೆ ಏನಾಯಿತು ಎಂದು ಕೇಳಿದಾಗ ಅವಳು ನಮ್ಮದೇನೂ ತಪ್ಪಿಲ್ಲ ಅಂತಾಯಿತು ಎಂದಳು, ಅವನು ನಾನು ಹೇಳಲಿಲ್ವಾ ಎಂದು ಪೇಪರು ಬಿಡಿಸಿದ. ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಕೈ ನಿಂತುಬಿಟ್ಟಿತು; "ಏನಮ್ಮಾ, ಎಲ್ಲಿದೀಯಾ?" ಎಂದು ಮಗಳು ತಿರುಗಿ ನೋಡಿದಳು. ಸೋಮವಾರ ಆಫೀಸಿಗೆ ಹೋದವಳೇ ಅವಳು ಡಿಪೋದ ಸಾಫ್ಟ್‌ವೇರ್ ತೆರೆದಳು. ಕೆಲಸ ಪೂರ್ತಿ ಮುಗಿಯುವವರೆಗೆ ಅವಳಿಗೆ ಒಳಗೆ ಹೋಗುವ ಅಧಿಕಾರವಿತ್ತು. ಮದುಮಗನ ಹೆಸರಿನ ಎದುರು ಸಂಜೆ ಆರೂವರೆ, ಏಳನೇ ನಂಬರಿನ ಬಸ್ಸು. ಒಂದು ತಿಂಗಳು ಡ್ಯೂಟಿ ಮಾಡದಿದ್ದವನಿಗೆ ಬಾಕಿ ಸಂಜೆಗಳನ್ನೆಲ್ಲ ಸೇರಿಸಿ, ವಾರವಿಡೀ ಸಂಜೆಯನ್ನೇ ಹಾಕಿಬಿಟ್ಟಿತ್ತು ಯಂತ್ರ, ಸಮನಾಗಲೆಂದು. ಅವಳು ಬದಲಾಯಿಸಿ ಎಂಬುದನ್ನು ಒತ್ತಿದಳು. ಕಾರಣ ಬರೆಯಿರಿ ಎಂದಿತು. ಸ್ವಂತ ಕಾರಣ ಎಂದು ಬರೆದಳು, ಸಾಲದು ಎಂದಿತು. ಆರೋಗ್ಯ ಎಂದು ಬರೆದಳು; ಡಾಕ್ಟರ ಚೀಟಿ ಕೇಳಿತು. ಕಣ್ಣು ಎಂದು ಬರೆಯಲು ಕೈ ಹೋಯಿತು. ಬರೆದರೆ ಕೆಳಗೆ ಬದಲಾಯಿಸಿದವರ ಹೆಸರು ಬರುತ್ತದೆ, ನಿಮಗೆ ಹೇಗೆ ಗೊತ್ತು ಮೇಡಂ ಎಂದು ಕೇಳುತ್ತಾರೆ, ಶುಕ್ರವಾರದ ಇಲ್ಲ ಎಂಬುದು ಎದ್ದು ಬಂದು ಎದುರಿಗೆ ಕೂರುತ್ತದೆ. ಹೆಸರಿಲ್ಲದ ಆ ಒಂದು ಸಾಲನ್ನು ಈಗ ಸೇರಿಸೋಣವೆಂದರೆ, ಕಾಲು ಹೋದ ತಿಂಗಳಿಗೇ ಈ ಸಾಲು ಯಾಕೆ ಹುಟ್ಟಿತು ಎಂದು ತಣ್ಣೀರಿಗೆ ಹೊಳೆಯದೇ ಇರುತ್ತದೆಯೇ? ಈಗ ಹಗಲು ಉದ್ದ, ಆರೂವರೆಗೂ ಬೆಳಕಿರುತ್ತದೆ, ಮುಂದೆ ಯಾವುದಾದರೂ ಗಾಡಿ ಇದ್ದೇ ಇರುತ್ತದೆ. ಒಂದು ವಾರ ಹೇಗೋ ಕಳೆದರೆ ಸರದಿ ತಿರುಗುತ್ತದೆ. ಅವಳು ಬರೆದದ್ದನ್ನೆಲ್ಲ ಅಳಿಸಿ ಪರದೆ ಮುಚ್ಚಿದಳು.

ಊಟ ಸೇರಲಿಲ್ಲ. ಮಧ್ಯಾಹ್ನ ಹುಡುಗಿಯರಿಗೆ ಪಾಠವಿತ್ತು, ಮಾಡಿದಳು. ಒಬ್ಬಳು ಎದ್ದು ತುಂಬ ಚೆನ್ನಾಗಿತ್ತು ಮೇಡಂ ಎಂದಳು. ಐದೂವರೆಯಾಯಿತು, ಆರಾಯಿತು. ಕಿಟಕಿಯ ಹೊರಗೆ ಮೋಡ ಕವಿದು ಎದುರಿನ ಕಟ್ಟಡದವರು ಆಗಲೇ ದೀಪ ಹಾಕಿದ್ದರು. ಡಿಪೋಗೆ ಫೋನ್ ಮಾಡಬಹುದು. ಮ್ಯಾನೇಜರನ ನಂಬರು ಕೈಯಲ್ಲೇ ಇತ್ತು, ಹೆಸರು ಹೇಳದೆಯೂ ಮಾಡಬಹುದು, ರಸ್ತೆ ಬದಿಯ ಅಂಗಡಿಯಿಂದ. ಆರೂವರೆಗೆ ಇನ್ನೂ ಅರ್ಧ ಗಂಟೆ ಇತ್ತು. ಅವಳು ಫೋನ್ ತೆಗೆದಳು, ನಂಬರ್ ಒತ್ತಿದಳು, ಎರಡೇ ರಿಂಗಿಗೆ ಮಗಳು ಎತ್ತಿದಳು. ಸಂಜೆಯ ಕ್ಲಾಸು ಆಗಷ್ಟೇ ಬಿಟ್ಟಿತ್ತು, ಹಿಂದೆ ಗಲಾಟೆ, ನಗು. "ನೋಡು, ಇವತ್ತು ಬಸ್ಸಲ್ಲಿ ಬರ್ಬೇಡ. ನಾನೇ ಸ್ಕೂಟರಲ್ಲಿ ಬರ್ತೀನಿ. ಈ ವಾರ ಪೂರ್ತಿ ನಾನೇ ಬರ್ತೀನಿ."

"ಅಯ್ಯೋ, ಏನಮ್ಮಾ ಇದು, ನಾನೇನು ಚಿಕ್ಕ ಮಗುನಾ? ನಾವು ಹತ್ತು ಜನಾನೂ ಆರೂವರೆಯ ಏಳನೇ ನಂಬರಲ್ಲೇ ಒಟ್ಟಿಗೆ ಹೋಗೋದು. ಎಲ್ರೂ ಆಗ್ಲೇ ಸ್ಟಾಪಿಗೆ ಹೊರಟಿದಾರೆ."

"ಅವರು ಹೋಗ್ಲಿ" ಎಂದಳು ಅವಳು. "ನೀನು ಮಾತ್ರ ಅಲ್ಲೇ ಒಳಗೆ ನಿಂತಿರು."